ಹೊಳೆಯ ತೆಗ್ಗು ಹುಡುಕುವ ಮಂಜವ್ವ

ಸಂಕ್ರಾಂತಿಯ ಮುಂಜಾನೆ ಐದೂವರೆ. ಕಟ್ಟೀಹಾಳದ ಹೊಳೆಯ ಮೇಲೆ ಮಂಜು ಇನ್ನೂ ಕದಲಿಲ್ಲ. ಆಚೆ ದಂಡೆ ಇದೆಯೋ ಇಲ್ಲವೋ ಎಂಬಂತಿದೆ. ಕಚ್ಚೆ ಹಾಕಿ ಸೀರೆ ಉಟ್ಟು, ಅದರ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಹೆಂಗಸೊಬ್ಬರು ಘಟ್ಟದ ಕೊನೆಯ ಮೆಟ್ಟಿಲಿಂದ ನೀರಿಗೆ ಇಳಿಯುತ್ತಾರೆ. ಬಲಗೈಯಲ್ಲಿ ಒಂದೂವರೆ ಆಳುದ್ದದ ಬಿದಿರ ಗಳ. ನಡುವಿಗೆ ಹಗ್ಗ, ಹಗ್ಗದ ತುದಿಗೆ ಕಟ್ಟಿದ ಗಳಗಳ ಹೊರೆ ಹಿಂದೆ ತೇಲುತ್ತ ಬರುತ್ತದೆ. ಒಂದೊಂದು ಗಳದ ತಲೆಗೂ ಕೆಂಪು ಅರಿವೆಯ ಚೂರು.

ಮೊದಲು ಕೈಯಲ್ಲಿನ ಗಳ, ಆಮೇಲೆ ಬಲಗಾಲು, ಅದರ ಹಿಂದೆ ಎಡಗಾಲು. ಗಳ ತಳಕ್ಕೆ ತಾಗಿದ ಸದ್ದು ಕೈಗೆ ಗೊತ್ತಾದ ಮೇಲೆಯೇ ಕಾಲು ಮುಂದೆ ಹೋಗುತ್ತದೆ. ಹೀಗೆ ಇಪ್ಪತ್ತು ಹೆಜ್ಜೆ ಹೋದ ಮೇಲೆ ಗಳ ಒಮ್ಮೆಲೇ ಒಳಕ್ಕೆ ಇಳಿಯುತ್ತದೆ. ಮಂಜವ್ವ ಬಾರಕೇರ ಅಲ್ಲೇ ನಿಂತು ಹಿಂದಕ್ಕೆ ವಾಲುತ್ತಾರೆ. ಗಳವನ್ನು ಮೇಲೆತ್ತಿ ಮೈಗೆ ಹಿಡಿದು ನೋಡುತ್ತಾರೆ. ನೀರಿನ ಗುರುತು ಹಣೆಗಿಂತ ಮೇಲೆ ಹೋಗಿದೆ.

"ಇಲ್ಲೊಂದ್ರೀ! ಹ್ವಾದ ದೀಪಾವಳಿಗೆ ಇರಲಿಲ್ಲ ಇದು!" ಎಂದು ದಂಡೆಗೆ ಕೇಳುವಂತೆ ಕೂಗುತ್ತಾರೆ.

ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತ ಗಂಡ ಅಂದಾನಪ್ಪ ಇದ್ದಿಲ ಚೂರಿನಿಂದ ಕಲ್ಲಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ಮಂಜವ್ವ ಹೊರೆಯಿಂದ ಒಂದು ಗಳ ಬಿಡಿಸಿ, ತೆಗ್ಗಿನ ಅಂಚಿನ ಗಟ್ಟಿ ಉಸುಕಿನಲ್ಲಿ ಚುಚ್ಚಿ, ಎರಡೂ ಕೈಯಿಂದ ತಿರುವುತ್ತ ಇಡೀ ಮೈಯ ಭಾರ ಹಾಕುತ್ತಾರೆ. ಗಳ ಮೊಳದಷ್ಟು ಒಳಗಿಳಿದು ನಿಲ್ಲುತ್ತದೆ. ತೆಗ್ಗನ್ನು ಸುತ್ತುವರಿಯಲು ಇಂಥವು ಮೂರು ನಾಲ್ಕು ಬೇಕು.

"ಚಳಿ ಆಗಂಗಿಲ್ಲೇನ ಯವ್ವಾ ಅಂತ ಕೇಳತಾರ್ರೀ ಮಂದಿ. ಆಗತೈತಿ. ಚಳಿ ಆಗಲಾರದ ಇರಾಕ ನಾನೇನು ಮೊಸಳಿ ಏನ್ರಿ?" ಎನ್ನುತ್ತಾರೆ ಅರವತ್ತೊಂದು ವರ್ಷದ ಮಂಜವ್ವ. ನಗುವಷ್ಟು ಉಸಿರು ಅವರಲ್ಲಿ ಉಳಿದಿಲ್ಲ.

ಎಂಟು ಗಂಟೆಗೆ ಮೊದಲ ಟೆಂಪೊ ಬರುತ್ತದೆ. ಅಷ್ಟರೊಳಗೆ ಘಟ್ಟದ ಮುಂದಿನ ನೀರನ್ನೆಲ್ಲ ಅವರು ಒಮ್ಮೆ ತುಳಿದು ಮುಗಿಸಬೇಕು. ಹಿಂದಿನ ಎರಡು ದಿನ ತುಳಿದದ್ದು ಲೆಕ್ಕಕ್ಕಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಒಂದೇ ರಾತ್ರಿಯಲ್ಲಿ ಉಸುಕು ಜಾಗ ಬದಲಿಸುತ್ತದೆ. ನಿನ್ನೆ ಮೊಣಕಾಲುದ್ದ ಇದ್ದಲ್ಲಿ ಇಂದು ಆಳು ಮುಳುಗುತ್ತಾನೆ.

ಮುಂಡರಗಿಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ ಕಟ್ಟೀಹಾಳಕ್ಕೆ. ತುಂಗಭದ್ರೆಯ ದಂಡೆಗೆ ಒತ್ತಿಕೊಂಡ ಹಳೆಯ ಊರು. ಯಾವ ಕಾಲದ ಅರಸರು ಕಟ್ಟಿಸಿದರೋ, ಇಪ್ಪತ್ತಾರು ಮೆಟ್ಟಿಲ ಕಲ್ಲಿನ ಘಟ್ಟ ಇನ್ನೂ ಅಲುಗಿಲ್ಲ. ಮೇಲೆ ಶಾಸನದ ಕಲ್ಲು ಇದೆ. ಅದಕ್ಕೆ ಎಮ್ಮೆ ಕಟ್ಟುತ್ತಾರೆ. ಬೇರೆ ದಿನಗಳಲ್ಲಿ ಇಲ್ಲಿ ಅರಿವೆ ಒಗೆಯುವ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಆದರೆ ಹಬ್ಬ ಬಂತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಜನವೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಬರುತ್ತದೆ. ಶಿಗ್ಲಿಯಿಂದ ಟ್ರ್ಯಾಕ್ಟರ್, ಹುಲಕೋಟಿಯಿಂದ ಟಂಟಂ, ಅಂತೂರ ಬೆಂತೂರದಿಂದ ಮನೆಮಂದಿಯನ್ನೆಲ್ಲ ತುಂಬಿಕೊಂಡ ಮಿನಿ ಲಾರಿ. ಬಯಲು ಸೀಮೆಯಲ್ಲಿ ಬೆಳೆದ ಈ ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಈಜು ಬಾರದು.

ಮಂಜವ್ವನ ವರ್ಷ ಈ ಹಬ್ಬಗಳಿಂದಲೇ ಉರುಳುತ್ತದೆ. ಸಂಕ್ರಾಂತಿ ಮುಗಿಯಿತೆಂದರೆ ಶಿವರಾತ್ರಿ. ಅದರ ಹಿಂದೆ ಯುಗಾದಿ. ಸುತ್ತಲಿನ ಊರುಗಳ ದೇವರೆಲ್ಲ ಪಾಲಕಿ ಏರಿ ಹೊಳೆಗೆ ಬರುವ ಹೊತ್ತು. ಶ್ರಾವಣ, ಭಾದ್ರಪದದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ, ಆಗ ಗಳ ನಿಲ್ಲುವುದಿಲ್ಲ. ಗಣಪನನ್ನು ಬಿಡಲು ಬರುವವರಿಗಾಗಿ ಹತ್ತೊಂಬತ್ತನೆಯ ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಅದರ ಮುಂದೆ ಕೈಯಗಲಿಸಿ ನಿಲ್ಲುತ್ತಾರೆ. ದಸರೆ, ದೀಪಾವಳಿಗೆ ಮತ್ತೆ ಗಳ. ಮೊಹರಮ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಅದು ಬೇಸಿಗೆಗೆ ಬಂದರೆ ಬಚಾವು, ಮಳೆಗಾಲಕ್ಕೆ ಬಂದರೆ ಕಷ್ಟ. ಒಟ್ಟು ಹದಿಮೂರು ಹದಿನಾಲ್ಕು ದಿನದ ಹಬ್ಬ. ಒಂದೊಂದಕ್ಕೂ ಮುಂಚೆ ಎರಡು ದಿನ ನೀರು ತುಳಿಯಬೇಕು. ಉಳಿದ ದಿನ ಹೊಲಗಳಲ್ಲಿ ಕಳೆ ತೆಗೆಯುತ್ತಾರೆ, ಮೆಣಸಿನಕಾಯಿ ಬಿಡಿಸುತ್ತಾರೆ.

ಹೊಳೆಯ ತಳ ಓದುವುದನ್ನು ಅವರಿಗೆ ಕಲಿಸಿದವರು ತಂದೆ ಸಕ್ರಪ್ಪ. ಸೇತುವೆ ಆಗುವುದಕ್ಕೆ ಮೊದಲು ಕಟ್ಟೀಹಾಳದಿಂದ ಆಚೆ ದಂಡೆಗೆ ಹರಿಗೋಲು ಹಾಕುತ್ತಿದ್ದವರು. ಮಗಳನ್ನು ಹರಿಗೋಲಿನ ಅಂಚಿಗೆ ಕೂರಿಸಿ, ಕೈಗೆ ಗಳ ಕೊಟ್ಟು, ತಳದಲ್ಲಿ ಏನಿದೆ ಹೇಳು ಎನ್ನುತ್ತಿದ್ದರು. ಕಲ್ಲಿಗೆ ತಾಗಿದರೆ ಗಳ ಅಂಗೈಯಲ್ಲಿ ಜುಮ್ಮೆನ್ನುತ್ತದೆ. ಉಸುಕಿಗೆ ತಾಗಿದರೆ ಕರಕರ ಎನ್ನುತ್ತದೆ. ರಾಡಿಗೆ ತಾಗಿದರೆ ಏನೂ ಅನ್ನುವುದಿಲ್ಲ, ರಾಡಿ ಅದನ್ನು ಸುಮ್ಮನೆ ಹಿಡಿದುಕೊಳ್ಳುತ್ತದೆ. ಹತ್ತು ವರ್ಷದ ಹುಡುಗಿಗೆ ಅದು ಆಟವಾಗಿತ್ತು. ಸೇತುವೆ ಬಂದ ವರ್ಷ ಹರಿಗೋಲನ್ನು ಮನೆಯ ಹಿಂದೆ ಮಗುಚಿ ಹಾಕಿದರು. ಅದರ ಕೆಳಗೆ ಕೋಳಿ ಮರಿ ಮಾಡಿದವು.

ಮದುವೆಯಾಗಿ ಅದೇ ಊರಿನಲ್ಲಿ ಉಳಿದ ಮಂಜವ್ವ ಹೊಳೆಯ ಕಡೆ ಮತ್ತೆ ಅರಿವೆ ಒಗೆಯಲಷ್ಟೇ ಹೋದರು. ಅಂದಾನಪ್ಪ ಉಸುಕಿನ ಟ್ರ್ಯಾಕ್ಟರಿಗೆ ಆಳಾಗಿ ಸೇರಿಕೊಂಡರು. ನಸುಕಿನಲ್ಲಿ ನಾಲ್ಕೈದು ಜನ ಹೊಳೆಗೆ ಇಳಿದು, ಬುಟ್ಟಿಯಲ್ಲಿ ಉಸುಕು ತುಂಬಿ, ಹೊತ್ತು ಏರುವುದರೊಳಗೆ ಟ್ರ್ಯಾಕ್ಟರ್ ಕಳಿಸುವ ಕೆಲಸ. ಘಟ್ಟದ ಹತ್ತಿರ ತೋಡಬಾರದೆಂದು ಕಾಯಿದೆ ಇತ್ತು. ಆದರೆ ಅಲ್ಲಿಯೇ ಉಸುಕು ಸ್ವಚ್ಛ, ಅಲ್ಲಿಗೇ ದಾರಿ ಸಮೀಪ.

ಹದಿನೇಳು ವರ್ಷದ ಹಿಂದಿನ ಸಂಕ್ರಾಂತಿಗೆ ಎರಡು ದಿನ ಮುಂಚೆ ಕೌದಿ ಜಾಲಿಸುತ್ತಿದ್ದಾಗ ಮಂಜವ್ವನ ಕಾಲ ಕೆಳಗಿನ ನೆಲ ಒಮ್ಮೆಲೇ ಇಲ್ಲವಾಯಿತು. ಈಜು ಬರುತ್ತಿದ್ದರಿಂದ ಮೇಲೆ ಬಂದರು. ಮತ್ತೆ ಮುಳುಗಿ ಕೈಯಾಡಿಸಿ ನೋಡಿದರು. ಹೊಸ ತೆಗ್ಗು. ಅಂಚು ಕತ್ತರಿಸಿದ ಹಾಗೆ ನೆಟ್ಟಗಿತ್ತು, ಗುದ್ದಲಿಯ ಕೆಲಸ. ಯಾರ ಗುದ್ದಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದರು. ಹಬ್ಬ ಮುಗಿದ ಮೇಲೆ ಉಸುಕು ತಾನೇ ತುಂಬಿಕೊಳ್ಳುತ್ತದೆ, ಸುಮ್ಮನಿರು ಎಂದರು ಅಂದಾನಪ್ಪ. ಊರಲ್ಲಿ ಬಾಯಿ ಬಿಟ್ಟರೆ ತೋಡಿದವರ ಹೆಸರು ಹೊರಬೀಳುತ್ತದೆ, ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ. ಮಂಜವ್ವ ಸುಮ್ಮನಾದರು.

ಸಂಕ್ರಾಂತಿಯ ದಿನ ಹನ್ನೊಂದು ಗಂಟೆಗೆ ಗದಗಿನಿಂದ ಬಂದ ಹೈಸ್ಕೂಲ್ ಮಾಸ್ತರರೊಬ್ಬರ ಮಗಳು, ಹತ್ತೊಂಬತ್ತು ವರ್ಷದ ಜಾಹ್ನವಿ, ತಾಯಿಯ ಕೈ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋದಳು. ಸೊಂಟದಷ್ಟು ನೀರಿನಲ್ಲಿ ನಗುತ್ತ ನಿಂತವಳು ಮರುಗಳಿಗೆ ಕಾಣಲಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ಪಾತ್ರೆ ಬೆಳಗುತ್ತಿದ್ದ ಮಂಜವ್ವನೇ ಹಾರಿ, ಮುಳುಗಿ, ಜಡೆ ಹಿಡಿದು ಮೇಲೆಳೆದರು. ತಾಯಿಯ ಕೂಗು ಹಬ್ಬದ ಗದ್ದಲ ದಾಟಿ ಕೇಳಿಸುವಷ್ಟರಲ್ಲೇ ತಡವಾಗಿತ್ತು.

"ಹುಡುಕಾಕ ಏನೂ ಹೊತ್ತ ಹಿಡೀಲಿಲ್ಲರಿ ನಂಗ" ಎನ್ನುತ್ತಾರೆ ಮಂಜವ್ವ. ಈ ಮಾತು ಹೇಳುವಾಗ ನೀರಿನ ಕಡೆ ನೋಡುತ್ತಾರೆ. "ಎಲ್ಲಿ ಅದಾಳ ಅಂತ ನಂಗ ಗೊತ್ತಿತ್ತಲ್ಲರಿ. ಊರ ಮಂದಿ ಎಷ್ಟ್ ಜಲ್ದಿ ತೆಗದ್ಲಪಾ ಅಂತ ಹೊಗಳಿದ್ರು. ನಂಗ ಆ ಮಾತ ಕಿವ್ಯಾಗ ಸುಣ್ಣ ಹೊಯ್ದಂಗ ಆತು."

ಮಾಸ್ತರರ ಮನೆಯವರು ಮಗಳನ್ನು ಗದಗಿಗೆ ಒಯ್ದರು. ಅಂದಾನಪ್ಪ ಮರುದಿನ ಟ್ರ್ಯಾಕ್ಟರಿಗೆ ಹೋಗಲಿಲ್ಲ, ಮುಂದೆ ಎಂದೂ ಹೋಗಲಿಲ್ಲ. ಅಂದಿನಿಂದ ಇಂದಿನವರೆಗೆ ಅವರ ಅಂಗಾಲಿಗೆ ಹೊಳೆಯ ನೀರು ತಾಗಿಲ್ಲ. ನೀರಿನ ಮೇಲಿನ ಒಣ ಮೆಟ್ಟಿಲೇ ಅವರ ಗಡಿ. ಗಂಡ ಹೆಂಡತಿ ಆ ವಿಷಯ ಒಬ್ಬರೊಡನೊಬ್ಬರು ಮಾತಾಡಲೂ ಇಲ್ಲ. ಶಿವರಾತ್ರಿಗೆ ವಾರ ಇದ್ದಾಗ ಅಂದಾನಪ್ಪ ಎಲ್ಲಿಂದಲೋ ಹನ್ನೆರಡು ಬಿದಿರ ಗಳ ಕಡಿದು ತಂದು, ಹೆಂಡತಿಯ ಮುಂದೆ ಅಂಗಳದಲ್ಲಿ ಹಾಕಿದರು. ಮಂಜವ್ವ ಟ್ರಂಕಿನಿಂದ ತಮ್ಮ ಕೆಂಪು ಸೀರೆ ತೆಗೆದು ಹರಿಯಲು ಕೂತರು. ಕೆಲಸ ಶುರುವಾದದ್ದು ಹಾಗೆ.

ಮೊದಲೆರಡು ವರ್ಷ ಊರಿನವರು ತಲೆ ಕೆಟ್ಟಿದೆ ಎಂದರು. ಹಬ್ಬಕ್ಕೆ ಬಂದವರು ಗಳಗಳಿಗೆ ಒದ್ದೆ ಸೀರೆ ಒಣಗಹಾಕಿದರು. "ಈಗೂ ಹಾಕತಾರ್ರಿ. ಒಣಗಸಾಕ ಭಾಳ ಚಲೋ ಅನುಕೂಲ ಮಾಡೀರಿ ಅಂತಾರ. ನಾ ತಗದು ಮಡಿಚಿ ಕೊಡತೇನಿ. ಕೆಂಪ ಅರಿವಿ ಮುಚ್ಚತೈತಲ್ಲರಿ" ಎನ್ನುತ್ತಾರೆ ಮಂಜವ್ವ. ಆರು ವರ್ಷದ ಹಿಂದೆ ಎಚ್ಚರಿಕೆಯ ಸಿಮೆಂಟ್ ಫಲಕವೊಂದು ಬಂತು. ಆಳವಿದೆ, ಇಳಿಯಬೇಡಿ ಎಂದು ದೊಡ್ಡ ಅಕ್ಷರ. ನೆಟ್ಟ ವರ್ಷ ಅಲ್ಲಿ ಆಳವಿದ್ದದ್ದು ನಿಜ. ಮರು ವರ್ಷ ಉಸುಕು ತುಂಬಿ, ಈಗ ಆ ಫಲಕದ ಬುಡದಲ್ಲಿ ಹುಡುಗರು ಪಾದ ಮುಳುಗುವ ನೀರಿನಲ್ಲಿ ಕ್ರಿಕೆಟ್ ಆಡುತ್ತಾರೆ. ಹೊಳೆಯ ಜೊತೆ ತಿರುಗಾಡುವುದು ಸಿಮೆಂಟಿಗೆ ಆಗದು.

ಮಂಜವ್ವನ ಗಳಗಳನ್ನು ಮೊದಲು ನಂಬಿದವರು ಫಕೀರಸಾಬ. ಮೊಹರಮ್ಮಿನ ಕೊನೆಯ ದಿನ ಅಂಗೈ ಆಕಾರದ ದೇವರ ಪಂಜಾ ಹೊತ್ತು ಹೊಳೆಗೆ ಇಳಿಯುವುದು ಅವರ ಮನೆತನದ ಸೇವೆ. "ದೇವರನ್ನ ಎತ್ತಿ ಹಿಡದಾಗ ಕೆಳಗ ನೋಡಾಕ ಬರಂಗಿಲ್ಲರಿ. ಹಿಂದ ಮಂದಿ ದಬ್ಬತಿರತಾರ, ಹಲಗಿ ಬಾರಸತಿರತಾರ. ನಾ ಮಂಜಕ್ಕನ ಮಾರಿ ನೋಡಕೋಂತ ಇಳೀತೇನಿ. ಆಕಿ ಕೈ ಎತ್ತಿದ್ಲಂದ್ರ ಅಲ್ಲೇ ನಿಂತ ಬಿಡೂದು" ಎನ್ನುತ್ತಾರೆ ಅವರು.

ಎಲ್ಲರೂ ಹಾಗೆ ನಿಲ್ಲುವುದಿಲ್ಲ. ಏಳು ವರ್ಷದ ಹಿಂದೆ ಯುಗಾದಿಯ ದಿನ, ಕುಡಿದು ಬಂದ ಒಬ್ಬ ಮಧ್ಯವಯಸ್ಕ ಗೆಳೆಯರ ಜೊತೆ ಪಂಥ ಕಟ್ಟಿ, ಗಳ ಕಿತ್ತು ಹೆಗಲ ಮೇಲಿಟ್ಟುಕೊಂಡು ಮುಂದೆ ನಡೆದ. ಮಂಜವ್ವ ಕೂಗಿದರು. ಅವನು ತಿರುಗಿ ಕೈ ಮುಗಿದು ನಕ್ಕ. ಅವನನ್ನೂ ಅವರೇ ಮೇಲೆ ತಂದರು, ಜೀವ ಇಲ್ಲದೆ. "ನಿಮ್ಮ ಕೆಲಸದಿಂದ ಎಷ್ಟ್ ಜೀವ ಉಳದಾವಂತ ಕೇಳತಾರ್ರಿ. ಅದನ್ನ ಹೆಂಗ ಹೇಳೂದು? ತೆಗ್ಗಿಗೆ ಬೀಳಲಾರದವ್ರು ಊಟ ಮಾಡಿ ಮನಿಗೆ ಹೋಗಿಬಿಡತಾರ. ಬಿದ್ದಾವ್ರು ಅಷ್ಟ ನೆಪ್ಪಿರತಾರ. ಆ ಹುಡುಗಿ ಒಬ್ಬಾಕಿ, ಈ ಮನಶ್ಯಾ ಒಬ್ಬಾಂವ."

ಹೋದ ವರ್ಷದ ಶಿವರಾತ್ರಿಯಂದು ಗದಗಿನ ಬಸ್ಸಿನಿಂದ ಒಬ್ಬ ವೃದ್ಧೆ ಒಬ್ಬರೇ ಇಳಿದರು. ಬಿಳಿ ಕೂದಲು, ಇಸ್ತ್ರಿ ಮಾಡಿದ ನೂಲಿನ ಸೀರೆ, ಕೈಯಲ್ಲಿ ಔಷಧದಂಗಡಿಯ ಚೀಲ. ಮಧ್ಯಾಹ್ನದವರೆಗೆ ಘಟ್ಟದ ಮೇಲೆ ಕೂತು ಗಳಗಳನ್ನು ನೋಡುತ್ತಿದ್ದವರು, ಮಂಜವ್ವ ನೀರಿನಿಂದ ಬಂದು ಕಾಲು ಚಾಚಿದಾಗ ಹತ್ತಿರ ಬಂದರು.

"ಇವನ್ನೆಲ್ಲ ನೀವ ಹಚ್ಚಿದ್ದೇನ್ರಿ?"

"ಹೌದ್ರೀ."

"ಯಾವಾಗಿಂದ?"

ವರ್ಷ ಹೇಳಿದಾಗ ಆ ಮುಖದಲ್ಲಿ ಆದ ಬದಲಾವಣೆ ಕಂಡು ಮಂಜವ್ವನಿಗೆ ಗುರುತು ಸಿಕ್ಕಿತು. ಅಂದು ಇದೇ ಮೆಟ್ಟಿಲ ಮೇಲೆ ಆ ತಾಯಿ ಮಗಳ ಒದ್ದೆ ಕೂದಲು ಒರೆಸುತ್ತ ಕೂತದ್ದನ್ನು ಅವರು ನೋಡಿದ್ದರು. ಹೆಸರು ತಾರಾಬಾಯಿ. ಗಂಡ ಧೀರೇಂದ್ರ ಮಾಸ್ತರರು ಮಗಳು ಹೋದ ಹದಿನಾಲ್ಕನೆಯ ವರ್ಷ ತೀರಿಕೊಂಡಿದ್ದರು. ಅವರಿರುವವರೆಗೆ ಹೊಳೆಯ ಹೆಸರನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ.

ಅಂದಾನಪ್ಪ ನಾಲ್ಕು ಮೆಟ್ಟಿಲ ಮೇಲೆ ಕೂತಿದ್ದರು. ಮಂಜವ್ವ ಒಮ್ಮೆ ಗಂಡನ ಕಡೆ ನೋಡಿದರು. ಅವರು ತಲೆ ತಗ್ಗಿಸಿದರು. ಮಂಜವ್ವ ಹೇಳಿಬಿಟ್ಟರು.

"ಅಲ್ಲಿ ತೆಗ್ಗ ಐತಿ ಅಂತ ನಂಗ ಎರಡ ದಿನಾ ಮೊದಲ ಗೊತ್ತಿತ್ತ್ರಿ ಯವ್ವಾ. ನಮ್ಮ ಮನ್ಯಾವ್ರು ಕೆಲಸ ಮಾಡೂ ಟ್ರ್ಯಾಕ್ಟರದಾವ್ರ ತೋಡಿದ್ದು. ನಾ ಯಾರ ಮುಂದೂ ಬಾಯಿ ಬಿಡಲಿಲ್ಲ."

ತಾರಾಬಾಯಿ ಬೈಯಲಿಲ್ಲ, ಅಳಲಿಲ್ಲ. ಕೇಳಿದ್ದು ಒಂದೇ ಮಾತು: "ಎಲ್ಲಿ, ನನಗ ತೋರಸ್ತೀರೇನು? ಎಲ್ಲಾರೂ ಅಲ್ಲೆಲ್ಲೋ ಅಂತ ಕೈ ಮಾಡತಾರ. ಇಷ್ಟ ವರ್ಷಾದ್ರೂ ಖರೇ ಜಾಗಾ ನನಗ ಯಾರೂ ಹೇಳಿಲ್ಲ."

ಮಂಜವ್ವ ಅವರ ಕೈ ಹಿಡಿದು ನೀರಿಗಿಳಿಸಿದರು. ಮುಂದೆ ಗಳ ಊರುತ್ತ, ಒಂದೊಂದೇ ಹೆಜ್ಜೆ. ದಂಡೆಯ ಹುಣಸೆಮರಕ್ಕೂ ಶಾಸನದ ಕಲ್ಲಿಗೂ ನೇರ ಹಿಡಿದು ಒಂದು ಕಡೆ ನಿಂತರು. ನೀರು ಮೊಣಕಾಲಿಗೆ ಬಂದಿತ್ತು.

"ಇಷ್ಟ ಏನ್ರಿ?" ಎಂದರು ತಾರಾಬಾಯಿ.

"ಈಗ ಇಷ್ಟ ಐತ್ರಿ. ಉಸುಕ ತುಂಬೇತಿ. ಆವತ್ತ ನನ್ನ ತಲಿ ಮ್ಯಾಲ ಒಂದ ಮೊಳ ಇತ್ತು."

ತಾರಾಬಾಯಿ ಬಗ್ಗಿ ನೀರಿನೊಳಗೆ ಕೈ ಹಾಕಿದರು. ತಳದ ಉಸುಕನ್ನು ಮುಟ್ಟಿ ನೋಡಿದರು. ಎದ್ದು ನಿಂತು, ಮಂಜವ್ವನ ಮುಖವನ್ನೇ ನೋಡುತ್ತ ಹೇಳಿದರು: "ಹೇಳಬೇಕಾಗಿತ್ತ್ರಿ ನೀವು."

"ಹೌದ್ರೀ" ಎಂದರು ಮಂಜವ್ವ. "ಹೇಳಬೇಕಾಗಿತ್ತು."

ವಾಪಸು ಬರುವಾಗಲೂ ತಾರಾಬಾಯಿ ಹಿಡಿದ ಕೈ ಬಿಡಲಿಲ್ಲ. ಅದು ಕ್ಷಮೆಯೋ, ನೀರಿನ ಭಯವೋ ತಮಗೆ ಇಂದಿಗೂ ತಿಳಿದಿಲ್ಲ ಎನ್ನುತ್ತಾರೆ ಮಂಜವ್ವ. ನಾಲ್ಕರ ಬಸ್ಸಿಗೆ ಅಂದಾನಪ್ಪನೇ ಕರೆದೊಯ್ದು ಹತ್ತಿಸಿ ಬಂದರು. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಕೆಳಗೆ ನಿಂತು ಕೈ ಮುಗಿದರಂತೆ. ತಾರಾಬಾಯಿ ನೋಡಿದರಂತೆ, ಅಷ್ಟೇ.

ಹೇಳಿದ ಮೇಲೆ ಹಗುರಾಯಿತೇ ಎಂದು ಕೇಳಿದರೆ ಮಂಜವ್ವ ತಲೆಯಾಡಿಸುತ್ತಾರೆ. "ಹಗುರ ಏನ ಆಗಲಿಲ್ಲರಿ. ಆದ್ರ ಮೊದಲ ನಾ ಒಬ್ಬಾಕೀನ ಹೊತ್ತಿದ್ದೆ. ಈಗ ಯಾರದ ಭಾರ ಐತೋ ಅವ್ರಿಗೂ ಖಬರ ಆತು."

ಇಂದು ನೆಟ್ಟದ್ದು ನಲವತ್ಮೂರು ಗಳ. ಗುರುತು ಹಚ್ಚಿದ ತೆಗ್ಗು ಹನ್ನೊಂದು. ಅವುಗಳಲ್ಲಿ ಮೂರು ಹೊಸವು. ಗುದ್ದಲಿಯವು ಎಷ್ಟು, ಹೊಳೆಯೇ ಮಾಡಿದವು ಎಷ್ಟು ಎಂದು ಮಂಜವ್ವನಿಗೆ ಅಂಚು ಮುಟ್ಟಿದರೆ ತಿಳಿಯುತ್ತದೆ. ಈಗ ಅದನ್ನು ಅವರು ಯಾರ ಮುಂದಾದರೂ ಹೇಳುತ್ತಾರೆ, ಕೇಳದಿದ್ದವರ ಮುಂದೆಯೂ ಹೇಳುತ್ತಾರೆ. ಹೀಗಾಗಿ ಊರಿನ ಕೆಲವರು ಅವರನ್ನು ಕಂಡರೆ ದಾರಿ ಬದಲಿಸುತ್ತಾರೆ.

ಮೈ ಮಾತ್ರ ಸೋತಿದೆ. ಮೊಣಕಾಲ ಚಿಪ್ಪು ಬಾತುಕೊಂಡು ಮಡಚಲು ಬಾರದು. ಕಾಲ್ಬೆರಳ ಸಂದುಗಳು ಹಬ್ಬದಿಂದ ಹಬ್ಬಕ್ಕೆ ಬಿರಿದು ರಕ್ತ ಸೋರುತ್ತವೆ. ತಣ್ಣೀರಿನಲ್ಲಿ ನಿಲ್ಲಲೇಬೇಡಿ ಎಂದು ಮುಂಡರಗಿಯ ಡಾಕ್ಟರು ಎರಡು ಸಲ ಹೇಳಿ, ಮೂರನೆಯ ಸಲ ಹೇಳುವುದನ್ನು ಬಿಟ್ಟಿದ್ದಾರೆ. ಒಬ್ಬಳೇ ಮಗಳು ಸಪ್ನಾ ಲಕ್ಷ್ಮೇಶ್ವರದಲ್ಲಿ ಅಂಗನವಾಡಿ ಸಹಾಯಕಿ. ರಜೆ ಸಿಕ್ಕಾಗ ಬಂದು ಗಳ ಹಿಡಿಯುತ್ತಾಳೆ. ತಳದ ಸದ್ದು ಇನ್ನೂ ಅವಳ ಕೈಗೆ ಹತ್ತಿಲ್ಲ. "ಅವ್ವಾ, ಎಲ್ಲಾ ಒಂದ ನಮೂನಿ ಅನಸತೈತಿ" ಎನ್ನುತ್ತಾಳೆ. ಮಂಜವ್ವ ಮತ್ತೆ ಹೇಳಿಕೊಡುತ್ತಾರೆ. ನಡುವೆ ಬೇಸರ ಬಂದು ಗಳ ಕಸಿದುಕೊಳ್ಳುತ್ತಾರೆ.

ಹತ್ತು ಗಂಟೆಗೆ ಘಟ್ಟದಲ್ಲಿ ಕಾಲಿಡಲು ಜಾಗವಿಲ್ಲ. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಯ ಬುತ್ತಿ ಗಂಟುಗಳು ಉಸುಕಿನ ಮೇಲೆ ಸಾಲಾಗಿ ಕೂತಿವೆ. ನೀರಿನಲ್ಲಿ ಕೂಗು, ನಗು, ಮಕ್ಕಳ ಅಳು. ಗಳಗಳ ಸಾಲಿನ ಒಳಬದಿಗೆ, ಸೊಂಟದ ನೀರಿನಲ್ಲಿ, ಜನರ ಕಡೆ ಮುಖ ಮಾಡಿ ಮಂಜವ್ವ ನಿಂತಿದ್ದಾರೆ. ಯಾರೋ ಗಳಕ್ಕೆ ಟವೆಲ್ ಹಾಕುತ್ತಾರೆ. ಅವರು ನಡೆದು ಹೋಗಿ ತೆಗೆದು ಕೊಡುತ್ತಾರೆ. ಯಾರೋ ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುತ್ತಾರೆ. "ತಮ್ಮಾ, ಸಾಕ್ ನಿಂದ್ರು" ಎಂದು ಮಂಜವ್ವ ಕೂಗುತ್ತಾರೆ. ಸಂಜೆ ನಾಲ್ಕಕ್ಕೆ ಕೊನೆಯ ಟ್ರ್ಯಾಕ್ಟರ್ ದಿಬ್ಬ ಹತ್ತುತ್ತದೆ. ದಂಡೆಯಿಂದ ಅಂದಾನಪ್ಪ ಕೇಳುತ್ತಾರೆ:

"ಎಲ್ಲಾರೂ ಮ್ಯಾಲ ಬಂದ್ರೇನ?"

ಮಂಜವ್ವ ಹೊಳೆಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಕಣ್ಣಾಡಿಸುತ್ತಾರೆ. ಮತ್ತೊಮ್ಮೆ ಆಡಿಸುತ್ತಾರೆ.

"ಬಂದ್ರು."

ಇನ್ನು ನಲವತ್ಮೂರು ಗಳ ಕೀಳಬೇಕು. ಅದಕ್ಕೂ ಮುಂಚೆ ಮೆಟ್ಟಿಲ ಮೇಲೆ ಕೂತು, ಯಾರೋ ಕೊಟ್ಟುಹೋದ ಅರ್ಧ ರೊಟ್ಟಿ ತಿನ್ನುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಮೊದಲು ಏನೂ ಇಲ್ಲ ಎನ್ನುತ್ತಾರೆ. ರೊಟ್ಟಿ ಮುಗಿದ ಮೇಲೆ ತಾವಾಗಿಯೇ ಹೇಳುತ್ತಾರೆ:

"ಹೊಳಿ ದಂಡ್ಯಾಗ ಹುಟ್ಟಿದಾಕಿ ನಾನು. ಹದಿನೇಳ ವರ್ಷಾತು ಹಬ್ಬದ ಜಳಕಾ ಮಾಡಿ. ಸಪ್ನಾನ ಕೈ ಒಂದೀಟ ಕುದರಲಿ. ಆಮ್ಯಾಲ ಒಂದ ಸಂಕ್ರಾಂತಿಗೆ ನಾನೂ ಎಲ್ಲಾರಂಗ ಮೈಗೆ ಎಳ್ಳ ಹಚ್ಚಿಕೊಂಡು, ಕಣ್ಣ ಮುಚ್ಚಿ ಮುಳಗಬೇಕ್ರಿ."